ಲಾಂಚ್ ಊರಿಂದ ಒಂದೇ ರಸ್ತೆ ಊರಿಗೆ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಲಿ ಅರೋರಾ ಬಗ್ಗೆ ಒಂದು ಪ್ರವಾಸ ಲೇಖನ ಬಂದಿತ್ತು, ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತಲ್ಲ ಅದು, ಕೆನಡಾದ ಯೆಲ್ಲೋನೈಫ್ ಅನ್ನೋ ಊರು. ಊರಿಂದ ಅಕ್ಕ ಪೇಪರ್ ಫೋಟೋ ಹೊಡ್ದು ವಾಟ್ಸಾಪಲ್ಲಿ ಕಳಿಸಿದ್ಲು, ನಿನ್ನೂರು ಪೇಪರಲ್ಲಿ ಬಂದಿದೆ ನೋಡೋ ಅಂತ. ನಾನು 2015ರಿಂದ ಇಲ್ಲೇ ಇದೀನಿ, ಅದಕ್ಕೆ ಎರಡು ಸಲ ಓದಿದೆ. ಲೇಖನ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ, ಆದ್ರೆ ಹಾಕಿರೋ ಫೋಟೋದಲ್ಲಿ ಹಿಂದುಗಡೆ ಚೂಪು ಚೂಪಾದ ಹಿಮದ ಬೆಟ್ಟ ಇದೆ, ಯೆಲ್ಲೋನೈಫಲ್ಲಿ ಬೆಟ್ಟನೇ ಇಲ್ಲ ಮಾರಾಯ್ರೆ. ಇಲ್ಲಿರೋದು ಬೋಳು ಬಂಡೆ, ಎಲ್ಲಿ ನೋಡಿದ್ರೂ ಕೆರೆ, ಮತ್ತೆ ನಮ್ಮ ಬಗನಿ ಮರದ ಅರ್ಧಾನೂ ಬೆಳೆಯದ ಸೊರಗಿದ ಸ್ಪ್ರೂಸ್ ಮರ. ಫೋಟೋ ಹೋಗ್ಲಿ ಬಿಡಿ. ಕೊನೇಲಿ ಇಲ್ಲಿನ ಜನ ಪ್ರಪಂಚದ ಗೊಡವೆ ಇಲ್ದೆ ನೆಮ್ಮದಿಯಾಗಿದ್ದಾರೆ ಅಂತ ಬರೆದಿದ್ರಲ್ಲ, ಅದಕ್ಕೆ ಈ ಪತ್ರ.

ನಾನು ಸಾಗರ ತಾಲೂಕು ತುಮರಿ ಕಡೆಯವನು. ಗೊತ್ತಿಲ್ದೋರಿಗೆ ಹೇಳ್ತೀನಿ, 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದ್ಮೇಲೆ ಶರಾವತಿ ಹಿನ್ನೀರಿನ ಆಚೆ ಸಿಕ್ಕಿಹಾಕ್ಕೊಂಡ ಊರುಗಳು ನಮ್ದು. ಸೇತುವೆ ಆಗೋವರೆಗೂ ಸಾಗರಕ್ಕೆ ಹೋಗ್ಬೇಕು ಅಂದ್ರೆ ಲಾಂಚ್, ಜನ ಗಾಡಿ ಎಲ್ಲಾ ನೀರು ದಾಟಿಸೋ ದೊಡ್ಡ ದೋಣಿ. ಮದುವೆ ದಿಬ್ಬಣ, ಅಡಿಕೆ ಚೀಲ, ಸಿಗಂದೂರಿಗೆ ಬರೋ ಭಕ್ತರ ಬಸ್ಸು, ಎಲ್ಲಾ ಅದ್ರಲ್ಲೇ. ಕತ್ತಲಾದ್ಮೇಲೆ ಲಾಂಚ್ ಇರ್ಲಿಲ್ಲ, ಬೇಸಿಗೇಲಿ ನೀರು ಇಳಿದ್ರೆ ದೊಡ್ಡ ಗಾಡಿ ಹತ್ತಿಸ್ತಿರ್ಲಿಲ್ಲ. ರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ ಒಂದೋ ಕಾರ್ಗಲ್ ಮೇಲೆ ಸುತ್ತಿ ಬಳಸಿ ಹೋಗ್ಬೇಕಿತ್ತು, ಇಲ್ಲಾ ದೇವ್ರ ಮೇಲೆ ಭಾರ ಹಾಕಿ ಬೆಳಗಿನ ಮೊದಲ ಲಾಂಚಿಗೆ ಕಾಯ್ಬೇಕಿತ್ತು. ನಮ್ಮ ದೊಡ್ಡಪ್ಪ ಕಾದ್ರು. ಬೆಳಗಾಗೋದ್ರೊಳಗೆ ಹೋಗ್ಬಿಟ್ರು.

2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಮಧ್ಯದ ಸೇತುವೆ ಓಪನ್ ಆಯ್ತಲ್ಲ, ಅವಾಗ ಇಲ್ಲಿ ನಡುರಾತ್ರಿ. ಹೊರಗೆ ಇನ್ನೂ ಪೇಪರ್ ಓದೋವಷ್ಟು ಬೆಳಕಿತ್ತು, ಬೇಸಿಗೇಲಿ ಇಲ್ಲಿ ಕತ್ತಲೇ ಆಗಲ್ಲ. ಅಡುಗೆಮನೆ ಟೇಬಲ್ ಮುಂದೆ ಕೂತು ಮೊಬೈಲಲ್ಲಿ ನೋಡ್ದೆ. ಆಮೇಲೆ ಅಪ್ಪಯ್ಯ ಫೋನ್ ಮಾಡಿ ಇನ್ಮೇಲೆ ನಮ್ದು ದ್ವೀಪ ಅಲ್ಲ ಕಣೋ ಅಂದ್ರು, ಗಂಟಲು ಕಟ್ಟಿತ್ತು. ನಾನು ಹೂಂ ಅಂದೆ. ಫೋನ್ ಇಟ್ಮೇಲೆ ಅನ್ನಿಸ್ತು, ದ್ವೀಪದಿಂದ ತಪ್ಪಿಸ್ಕೊಳ್ಬೇಕು ಅಂತ ಸಾಗರದಲ್ಲಿ ಡಿಪ್ಲೊಮಾ ಮಾಡಿ ಅಷ್ಟು ದೂರ ಬಂದವನು ಬಂದು ಕೂತಿರೋದು ಮತ್ತೊಂದು ದ್ವೀಪದಲ್ಲೇ ಅಲ್ವಾ.

ಮ್ಯಾಪಲ್ಲಿ ನೋಡಿದ್ರೆ ಇದು ದ್ವೀಪ ಅಲ್ಲ ಬಿಡಿ. ಗ್ರೇಟ್ ಸ್ಲೇವ್ ಅಂತ ಒಂದು ಮಹಾ ಕೆರೆ, ಉತ್ತರ ಅಮೆರಿಕದಲ್ಲೇ ಅತೀ ಆಳದ್ದು, 614 ಮೀಟರ್, ಅದ್ರ ಉತ್ತರ ದಡದಲ್ಲಿ ಊರು. ಈ ಊರು ಇರೋ ನಾರ್ತ್‌ವೆಸ್ಟ್ ಟೆರಿಟರೀಸ್ ಅನ್ನೋ ಪ್ರದೇಶ ನಮ್ಮ ಕರ್ನಾಟಕದ ಏಳರಷ್ಟು ದೊಡ್ಡದು, 2021ರ ಜನಗಣತಿ ಪ್ರಕಾರ ಜನ ನಲವತ್ತೊಂದು ಸಾವಿರ ಚಿಲ್ಲರೆ, ಅದ್ರಲ್ಲಿ ಇಪ್ಪತ್ತು ಸಾವಿರ ಯೆಲ್ಲೋನೈಫಲ್ಲೇ. ಇಷ್ಟಕ್ಕೇ ಇದು ರಾಜಧಾನಿ. ಇಲ್ಲಿಂದ ತೆಂಕಣ ಕೆನಡಾಕ್ಕೆ ಇರೋದು ಒಂದೇ ರಸ್ತೆ, ಹೈವೇ 3. ದೊಡ್ಡ ಊರು ಅಂತ ಅನ್ನಿಸ್ಕೊಳ್ಳೋ ಎಡ್ಮಂಟನ್‌ಗೆ 1500 ಕಿಲೋಮೀಟರ್ ಹತ್ರ. ಅಂದ್ರೆ ಸಾಗರದಿಂದ ಹೊರಟು ಮಹಾರಾಷ್ಟ್ರ ಎಲ್ಲಾ ದಾಟಿ ಮಧ್ಯಪ್ರದೇಶದಲ್ಲೆಲ್ಲೋ ಹೋಗಿ ಇಳಿದಂಗೆ, ದಾರೀಲಿ ಊರು ಅಲ್ಲೊಂದು ಇಲ್ಲೊಂದು ಅಷ್ಟೇ, ಉಳಿದಂಗೆ ಕಾಡೆಮ್ಮೆ. ಬೈಸನ್ ಅಂತಾರೆ, ರಸ್ತೆ ಮಧ್ಯೆ ನಿಂತ್ರೆ ಹಾರ್ನ್‌ಗೆಲ್ಲ ಜಗ್ಗಲ್ಲ.

ಈ ರಸ್ತೆಗೂ ಮೊದ್ಲು ಸೇತುವೆ ಇರ್ಲಿಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ್ಮೇಲೆ. ಫೋರ್ಟ್ ಪ್ರಾವಿಡೆನ್ಸ್ ಹತ್ರ ಮೆಕೆಂಜಿ ನದಿ ದಾಟ್ಬೇಕು, ಬೇಸಿಗೇಲಿ ಫೆರಿ, ಅಂದ್ರೆ ನಮ್ಮ ಲಾಂಚೇ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ ಮೇಲೇ ರಸ್ತೆ. ಈ ಎರಡರ ನಡುವೆ ಐಸ್ ಒಡೆಯೋ ವಾರಗಳು ಇರ್ತಾವಲ್ಲ ಅವಾಗ ಎರಡೂ ಇಲ್ಲ, ಲಾರಿ ಬಂದ್, ಹಾಲು ಮೊಟ್ಟೆ ತರಕಾರಿ ಎಲ್ಲಾ ವಿಮಾನದಲ್ಲಿ. 2012ರ ನವೆಂಬರಲ್ಲಿ ಡೆಚೋ ಸೇತುವೆ ಆಯ್ತು, ಒಂದು ಕಿಲೋಮೀಟರ್ ಮೇಲಿದೆ. ನಮ್ಮ ಗ್ಯಾರೇಜಲ್ಲಿ ಒಬ್ರು ಹಳೇ ಕಾಲದ ಮೆಕ್ಯಾನಿಕ್ ಇದ್ರು, ರಿಟೈರ್ ಆದ್ರು ಈಗ, ಅವ್ರು ಫೆರಿ ಕತೆ ಹೇಳ್ಬೇಕಾದ್ರೆ ನಾನು ಲಾಂಚ್ ಕತೆ ಹೇಳೋನು. ಒಬ್ರಿಗೊಬ್ರಿಗೆ ಇಂಗ್ಲಿಷ್ ಉಚ್ಚಾರ ಅರ್ಧ ಅರ್ಥ ಆಗ್ತಿರ್ಲಿಲ್ಲ, ಆದ್ರೆ ದಡದಲ್ಲಿ ನಿಂತು ಕಾಯೋದು ಅಂದ್ರೆ ಏನು ಅಂತ ಇಬ್ರಿಗೂ ಗೊತ್ತಿತ್ತಲ್ಲ.

ಚಳಿ ಬಗ್ಗೆ ಎಲ್ರೂ ಕೇಳ್ತಾರೆ. ಜನವರಿಲಿ ಮೈನಸ್ 25 ಮಾಮೂಲು, ಒಂದೊಂದ್ಸಲ ಮೈನಸ್ 40ಕ್ಕೂ ಇಳಿಯುತ್ತೆ. ನನ್ನ ಕೆಲ್ಸನೇ ಡೀಸೆಲ್ ಗಾಡಿ ರಿಪೇರಿ, ಅದಕ್ಕೆ ಚಳೀನ ಗಾಡಿ ಲೆಕ್ಕದಲ್ಲೇ ಹೇಳ್ತೀನಿ. ಇಲ್ಲಿ ಪ್ರತಿ ಕಾರಿನ ಮೂತೀಲಿ ಒಂದು ಕರೆಂಟ್ ಪ್ಲಗ್ಗು ನೇತಾಡ್ತಿರುತ್ತೆ. ಎಂಜಿನ್ ಒಳಗೆ ಬ್ಲಾಕ್ ಹೀಟರ್ ಅಂತ ಒಂದು ಚಿಕ್ಕ ಕಾಯಿಲ್, ರಾತ್ರಿ ಮನೆ ಗೋಡೆ ಸಾಕೆಟ್‌ಗೆ ಚುಚ್ಚಿಟ್ರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುತ್ತೆ, ಮರೆತ್ರೆ ಎಂಜಿನ್ ಆಯಿಲ್ ಜೋನಿಬೆಲ್ಲದ ಹಂಗೆ ಆಗಿರುತ್ತೆ, ಸೆಲ್ಫ್ ಒಂದ್ಸಲ ಗುರ್ ಅಂದು ಸುಮ್ನಾಗುತ್ತೆ. ಮೊದಲ ವರ್ಷ ವಿಡಿಯೋ ಕಾಲಲ್ಲಿ ಇದನ್ನ ನೋಡಿ ಅಮ್ಮ ನಿನ್ನ ಕಾರು ಕರೆಂಟಿಂದಾ ಅಂತ ಕೇಳಿದ್ರು. ಸ್ಟಾರ್ಟ್ ಆದ್ಮೇಲೂ ಮುಗೀಲಿಲ್ಲ, ರಾತ್ರಿ ಎಲ್ಲಾ ನಿಂತಿದ್ದ ಟೈರಿನ ತಳ ಚಪ್ಪಟೆಯಾಗಿ ಗಟ್ಟಿಯಾಗಿರುತ್ತೆ, ಮೊದಲ ಅರ್ಧ ಕಿಲೋಮೀಟರ್ ಎತ್ತಿನಗಾಡೀಲಿ ಕೂತಂಗೆ ಧಡಕ್ ಧಡಕ್. ತೆಂಕಣದಿಂದ ಮಾಮೂಲಿ ಡೀಸೆಲ್ ತುಂಬಿಸ್ಕೊಂಡು ಬಂದ ಲಾರಿಯೋರು ಪ್ರತಿ ಚಳಿಗಾಲದಲ್ಲೂ ಒಬ್ರಿಬ್ರು ಸಿಕ್ಕೇ ಸಿಗ್ತಾರೆ, ಫಿಲ್ಟರ್ ಬಿಚ್ಚಿದ್ರೆ ಒಳಗೆ ಡೀಸೆಲ್ ಮೇಣ ಕಟ್ಟಿಕೊಂಡು ತುಪ್ಪ ಹೆಪ್ಪಾದಂಗೆ ಕೂತಿರುತ್ತೆ. ಹೊರಗೆ ಗ್ಲೌಸ್ ತೆಗ್ದು ಸ್ಪ್ಯಾನರ್ ಮುಟ್ಟಿದ್ರೆ ಕಬ್ಬಿಣ ಚರ್ಮ ಹಿಡ್ಕೊಳ್ಳುತ್ತೆ. ನಂದು ಎರಡು ಬೆರಳ ತುದಿ ಈಗ್ಲೂ ಚಳೀಲಿ ಜುಮ್ ಅನ್ನುತ್ತೆ, ಮೊದಲ ವರ್ಷದ ಬುದ್ಧಿವಂತಿಕೆ ಅದು.

ಒಣ ಹವೆ ಇನ್ನೊಂದು ಕಾಟ. ಜಡಿಮಳೇಲಿ ಬಟ್ಟೆ ಒಣಗಲ್ಲ ಅಂತ ಒಲೆ ಮೇಲೆ ಕಟ್ಟಿ ಒಣಗಿಸ್ತಿದ್ದ ಮನೆಯೋನಿಗೆ ಇಲ್ಲಿ ಮೂಗಿಂದ ರಕ್ತ ಬರೋಷ್ಟು ಒಣ. ಬಾಗಿಲ ಹಿಡಿ ಮುಟ್ಟಿದ್ರೆ ಚಟ್ ಅಂತ ಶಾಕು, ಮಗಳು ಮುತ್ತು ಕೊಡಕ್ಕೆ ಬಂದ್ರೂ ಶಾಕು. ಕತ್ತಲೆ ಮಾತ್ರ ನಾನು ಹೆದರಿದಷ್ಟು ಇಲ್ಲ, ಇದು ಆರ್ಕ್ಟಿಕ್ ವೃತ್ತಕ್ಕಿಂತ 400 ಕಿಲೋಮೀಟರ್ ಕೆಳಗೇ ಇದೆ, ಡಿಸೆಂಬರಲ್ಲೂ ಐದು ಗಂಟೆಗೆ ಒಂಚೂರು ಕಮ್ಮಿ ಸೂರ್ಯ ಇರ್ತಾನೆ, ಮರದ ತುದೀಲಿ ಓರೆಯಾಗಿ ನೇತಾಡ್ಕೊಂಡು ಹತ್ತು ಗಂಟೆಗೆ ಬಂದು ಮೂರಕ್ಕೆ ಹೊರಡ್ತಾನೆ. ಗ್ಯಾರೇಜ್ ಒಳಗೆ ಇದ್ರೆ ಅದೂ ಕಾಣ್ಸಲ್ಲ.

ಆದ್ರೆ ನವೆಂಬರಲ್ಲಿ ಕೆರೆ ಹೆಪ್ಪುಗಟ್ಟೋ ಹೊತ್ತಿಗೆ ರಾತ್ರಿ ದಡದಲ್ಲಿ ನಿಂತ್ರೆ ಐಸ್ ಕೂಗುತ್ತೆ. ನಿಜವಾಗ್ಲೂ ಕೂಗುತ್ತೆ. ಐಸ್ ಬಲಿತಾ ಬಲಿತಾ ಬಿರುಕು ಬಿಡ್ಬೇಕಾದ್ರೆ ದೂರದಲ್ಲಿ ಯಾರೋ ದೊಡ್ಡ ತಗಡು ಜಗ್ಗಿದಂಗೆ, ಆಮೇಲೆ ಕಾಲ ಕೆಳಗೇ ಗುಡುಗಿದಂಗೆ. ಅರೋರಾ ನೋಡಕ್ಕೆ ಬರೋರು ಎಲ್ಲಾ ಮೇಲೆ ನೋಡ್ತಿರ್ತಾರೆ, ಇದನ್ನ ಯಾರೂ ಬರಿಯಲ್ಲ. ಚಳಿಗಾಲ ಬಲಿತ ಮೇಲೆ ಅದೇ ಕೆರೆ ಮೇಲೆ ಡೆಟ್ಟಾ ಅನ್ನೋ ಊರಿಗೆ ಆರೂವರೆ ಕಿಲೋಮೀಟರ್ ರಸ್ತೆ ಮಾಡ್ತಾರೆ, ಬೇಸಿಗೇಲಿ ಅದೇ ಊರಿಗೆ ಸುತ್ತಿಕೊಂಡು 27 ಕಿಲೋಮೀಟರ್. ನಮ್ಮ ಹಿನ್ನೀರೂ ಹಿಂಗೇ ವರ್ಷಕ್ಕೆ ನಾಲ್ಕು ತಿಂಗಳು ಹೆಪ್ಪುಗಟ್ಟಿದ್ರೆ ಲಾಂಚ್ ರಾಜಕೀಯನೇ ಇರ್ತಿರ್ಲಿಲ್ಲ ಅಂತ ಅಕ್ಕನಿಗೆ ಹೇಳಿದ್ದೆ. ಹೆಪ್ಪುಗಟ್ಟಿದ ಮೇಲೆ ಅದಕ್ಕೂ ಟೆಂಡರ್ ಕರೀತಿದ್ರು ಅಂದ್ಲು.

ಈಗ ನೆಮ್ಮದಿ ವಿಷ್ಯಕ್ಕೆ ಬರ್ತೀನಿ. 2023ರ ಬೇಸಿಗೆ ಇಡೀ ಕಾಡು ಒಣಗಿ ನಿಂತಿತ್ತು, ಆಗಸ್ಟ್ ಪೂರ್ತಿ ಹೊಗೆ, ಮಧ್ಯಾಹ್ನನೇ ಆಕಾಶ ಅರಿಶಿನ ಕುಂಕುಮ ಕಲಸಿದಂಗೆ. ಕಾಡ್ಗಿಚ್ಚು ಊರಿಂದ ಹದಿನಾರು ಹದಿನೇಳು ಕಿಲೋಮೀಟರಿಗೆ ಬಂತು. ಆಗಸ್ಟ್ 16, ಬುಧವಾರ, ಸಂಜೆ ಏಳೂವರೆ ಸುಮಾರಿಗೆ ಆರ್ಡರ್ ಬಂತು, ಶುಕ್ರವಾರ ಮಧ್ಯಾಹ್ನದೊಳಗೆ ಇಡೀ ಊರು ಖಾಲಿ ಮಾಡ್ಬೇಕು. ಇಪ್ಪತ್ತು ಸಾವಿರ ಜನ, ಇರೋದು ಅದೇ ಒಂದು ರಸ್ತೆ. ಕಾರಿಲ್ದೋರು ಒಂದು ಹೈಸ್ಕೂಲ್ ಮುಂದೆ ಲೈನ್ ನಿಂತು ಹೆಸರು ಬರೆಸಿ ವಿಮಾನಕ್ಕೆ ಕಾದ್ರು.

ನಮ್ಮನೇಲಿ ಏನು ತಗೊಂಡ್ವಿ ಗೊತ್ತಾ. ಪಾಸ್‌ಪೋರ್ಟ್ ಫೈಲು, ಹೆಂಡತಿ ದೇವರ ಗೂಡಿಂದ ಒಂದು ಬೆಳ್ಳಿ ದೀಪ, ಮಗಳದ್ದು ಒಂದು ಬಟ್ಟೆ ಮೊಲ, ನನ್ನ ಟೂಲ್ ಬಾಕ್ಸು. ಬಾಗಿಲು ಹಾಕಿ ಇಳಿದ್ಮೇಲೆ ಹೆಂಡತಿ ತಿರುಗಾ ಓಡಿಹೋಗಿ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ತಂದ್ಲು. ಊರಿಂದ ಅತ್ತೆ ಕಳಿಸಿದ್ದು, ಆ ವರ್ಷದ್ದು ಅಷ್ಟೇ ಉಳಿದಿದ್ದು. ನಾನು ಬೈಯಕ್ಕೆ ಹೋಗಿ ಸುಮ್ನಾದೆ, ಯಾಕಂದ್ರೆ ನಾನು ಹಿಡ್ಕೊಂಡಿದ್ದ ಟೂಲ್ ಬಾಕ್ಸ್ ಅದಕ್ಕಿಂತ ಭಾರ ಇತ್ತು. ಪೆಟ್ರೋಲ್ ಬಂಕಲ್ಲಿ ಎರಡು ಗಂಟೆ ಲೈನು. ರಾತ್ರಿ ಹನ್ನೊಂದಕ್ಕೆ ಊರು ಬಿಟ್ವಿ, ಮುಂದೆ ಕಣ್ಣು ಹರಿಯೋವರೆಗೂ ಕೆಂಪು ಲೈಟು, ಎರಡೂ ಕಡೆ ಹೊಗೆ, ಕೆಲವು ಕಡೆ ಮರದ ಬುಡ ಕೆಂಡವಾಗಿ ಹೊಳೀತಿತ್ತು. ಯಾರೂ ಓವರ್‌ಟೇಕ್ ಮಾಡ್ಲಿಲ್ಲ, ಒಬ್ರೂ ಹಾರ್ನ್ ಹೊಡೀಲಿಲ್ಲ, ಆ ನಿಶ್ಶಬ್ದನೇ ಭಯ ಹುಟ್ಟಿಸ್ತಿತ್ತು. ಮುನ್ನೂರು ಕಿಲೋಮೀಟರ್ ಆದ್ಮೇಲೆ ಬೆಳಗಿನ ಜಾವ ಡೆಚೋ ಸೇತುವೆ ದಾಟಿದ್ವಿ. ಈ ಸೇತುವೆ ಇಲ್ದೆ ಫೆರಿ ಇದ್ದಿದ್ರೆ ಈ ಲೈನ್ ಏನಾಗ್ತಿತ್ತು ಅಂತ ಮೇಲೆ ಹೋಗ್ತಾ ಲೆಕ್ಕ ಹಾಕಿದೆ, ನಮ್ಮ ಲಾಂಚಿಗೆ ಒಂದ್ಸಲಕ್ಕೆ ಎಷ್ಟು ಗಾಡಿ ಹಿಡೀತಿತ್ತು, ಇಲ್ಲಿ ಎಷ್ಟು ಸಾವಿರ ಗಾಡಿ. ಲೆಕ್ಕ ಮುಗೀಲಿಲ್ಲ, ಬಿಟ್ಟೆ.

ಮುಂದೆ ಎಂಟರ್‌ಪ್ರೈಸ್ ಅನ್ನೋ ಸಣ್ಣ ಊರು, ಮೂರು ನಾಲ್ಕು ದಿನದ ಹಿಂದೆ ಬಹುಪಾಲು ಸುಟ್ಟುಹೋಗಿತ್ತು. ಮನೆ ಇದ್ದ ಕಡೆ ಬರೀ ಬೂದಿ, ತಗಡು. ಮಗಳು ನಿದ್ದೆ ಮಾಡ್ತಿದ್ಲು, ಎಬ್ಬಿಸ್ಲಿಲ್ಲ. ಆಮೇಲೆ ಅಲ್ಬರ್ಟಾದಲ್ಲಿ ಹೈ ಲೆವೆಲ್ ಅನ್ನೋ ಊರಲ್ಲಿ ಯಾರೋ ಗುರುತಿಲ್ದ ಹೆಂಗಸು ಕಾರಿನ ಕಿಟಕಿ ತಟ್ಟಿ ಸ್ಯಾಂಡ್‌ವಿಚ್ ಕೊಟ್ಟು ಹೋದ್ಲು. ಹೆಸ್ರು ಕೇಳ್ಬೇಕು ಅನ್ನೋದ್ರೊಳಗೆ ಹಿಂದಿನ ಕಾರಿಗೆ ಹೋಗಿದ್ಲು. ಎಡ್ಮಂಟನಲ್ಲಿ ಒಬ್ರು ಕನ್ನಡದವ್ರ ಮನೆ ಬೇಸ್‌ಮೆಂಟಲ್ಲಿ ಮೂರು ವಾರ ಇದ್ವಿ. ಅವ್ರು ಮೈಸೂರು ಕಡೆಯೋರು, ಅವ್ರಿಗೆ ಅಪ್ಪೆಮಿಡಿ ರುಚಿ ಗೊತ್ತಿರ್ಲಿಲ್ಲ, ಭರಣಿ ಅಲ್ಲೇ ಖಾಲಿ ಆಯ್ತು. ಸೆಪ್ಟೆಂಬರ್ 6ರಿಂದ ವಾಪಸ್ ಬಿಟ್ರು. ಪುಣ್ಯಕ್ಕೆ ಊರಿಗೆ ಬೆಂಕಿ ತಾಗಿರ್ಲಿಲ್ಲ. ಫ್ರಿಜ್ ಬಾಗಿಲು ತೆಗೆದ ಕೂಡ್ಲೆ ಬಂದ ವಾಸನೆ ಮಾತ್ರ ಇನ್ನೂ ಮೂಗಲ್ಲಿದೆ.

ಅವತ್ತಿಂದ ನಮ್ಮನೇಲಿ ಒಂದು ರೂಲು, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಂಗಿಲ್ಲ. ಬರೀ ನಾವಲ್ಲ, ಪಕ್ಕದ ಮನೆಯೋರೂ ಹಂಗೇ, ಗ್ಯಾರೇಜಲ್ಲಿ ಎಲ್ರೂ ಹಂಗೇ. ಗಾಳಿಲಿ ಒಂಚೂರು ಹೊಗೆ ವಾಸನೆ ಬಂದ್ರೆ ಸಾಕು ಕ್ಯೂ ಶುರು. ಪ್ರಪಂಚದ ಗೊಡವೆ ಇಲ್ದೆ ಅಂದ್ರಲ್ಲ ಸಾರ್, ಇಲ್ಲಿ ನಾವು ದಿನಾ ನೋಡೋ ಮೊದಲ ಸುದ್ದಿನೇ ಆ ರಸ್ತೆ ಓಪನ್ ಇದ್ಯಾ ಇಲ್ವಾ ಅನ್ನೋದು.

ಇನ್ನೊಂದು ವಿಷ್ಯ ಕೋಲಾರದ ಓದುಗರಿಗೆ. ಈ ಊರು ಹುಟ್ಟಿದ್ದೇ ಚಿನ್ನದಿಂದ. ಕಾನ್ ಮೈನಲ್ಲಿ 1938ರಲ್ಲಿ ಚಿನ್ನ ತೆಗೆಯಕ್ಕೆ ಶುರು, ಜೈಂಟ್ ಮೈನಲ್ಲಿ 1948ರಲ್ಲಿ, 2004ರ ಹೊತ್ತಿಗೆ ಎರಡೂ ಬಂದ್. ಕೆಜಿಎಫ್ 2001ರಲ್ಲಿ ಮುಚ್ಚಿದಾಗ ಸೈನೈಡ್ ಮಣ್ಣಿನ ಗುಡ್ಡ ಬಿಟ್ಟುಹೋದಂಗೆ ಇಲ್ಲೂ ಬಿಟ್ಟುಹೋಗಿದಾರೆ, ಅದಿರು ಸುಟ್ಟಾಗ ಬಂದ ಆರ್ಸೆನಿಕ್ ಅನ್ನೋ ವಿಷದ ಪುಡಿ, 2,37,000 ಟನ್, ಊರಂಚಲ್ಲೇ ನೆಲದೊಳಗೆ ಚೇಂಬರ್ ಮಾಡಿ ತುಂಬಿಟ್ಟಿದಾರೆ. ಅದು ನೀರಿಗೆ ಸೇರ್ದಂಗೆ ಸುತ್ತಲ ಬಂಡೆನೇ ಹೆಪ್ಪುಗಟ್ಟಿಸಿ ಇಡೋದು ಈಗಿನ ಪ್ಲಾನು. ಮೈನ್ ಜೋರಾಗಿ ನಡೀತಿದ್ದಾಗ 1951ರಲ್ಲಿ ಆರ್ಸೆನಿಕ್ ಬಿದ್ದ ಹಿಮ ಕರಗಿಸಿದ ನೀರು ಕುಡಿದು ಪಕ್ಕದ ಎನ್‌ಡಿಲೋ ಅನ್ನೋ ಊರಲ್ಲಿ ಒಂದು ಡೆನೆ ಮಗು ಸತ್ತುಹೋಯ್ತು. ಡೆನೆ ಅಂದ್ರೆ ಇಲ್ಲಿನ ಮೂಲ ಜನ, ಜಾಗ ಅವ್ರದ್ದು, ಚಿನ್ನ ಬೇರೆಯೋರದ್ದು. ಡ್ಯಾಮ್ ನೀರಲ್ಲಿ ಜಮೀನು ಮುಳುಗಿ ಕರೆಂಟ್ ಬೇರೆಲ್ಲೋ ಹೋದ ಕಡೆಯಿಂದ ಬಂದವನಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಮುಳುಗಡೆ ಅನ್ನೋ ಪದನ ಇಂಗ್ಲಿಷಲ್ಲಿ ಹೇಳಕ್ಕೆ ನಂಗೆ ಇನ್ನೂ ಬಂದಿಲ್ಲ.

ಭಾಷೆ ವಿಷ್ಯಕ್ಕೆ ಮಾತ್ರ ಇವ್ರನ್ನ ಮೆಚ್ಚಬೇಕು. ನಲವತ್ತೊಂದು ಸಾವಿರ ಜನಕ್ಕೆ ಹನ್ನೊಂದು ಅಧಿಕೃತ ಭಾಷೆ, ಅದ್ರಲ್ಲಿ ಒಂಬತ್ತು ಮೂಲ ಜನರದ್ದು, ಕೆಲವನ್ನ ಮಾತಾಡೋರು ಕೆಲವೇ ನೂರು ಜನ. ಅಷ್ಟಾದ್ರೂ ವಿಧಾನಸಭೇಲಿ ಆ ಭಾಷೇಲಿ ಎದ್ದು ಮಾತಾಡೋ ಹಕ್ಕಿದೆ. ಮಗಳು ಶಾಲೆಯಿಂದ ಬಂದು ಮಾಸಿ ಅಂತಾಳೆ, ಅಂದ್ರೆ ಡೆನೆ ಜನರ ಮಾತಲ್ಲಿ ಥ್ಯಾಂಕ್ಸ್. ಕಾನೂನು ಇದ್ದ ಮಾತ್ರಕ್ಕೆ ಮನೇಲಿ ಮಕ್ಕಳು ಮಾತಾಡ್ತಾರೆ ಅಂತೇನಿಲ್ಲ, ಅದು ನಮ್ಮನೇಲೂ ಗೊತ್ತು, ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ರ ಬರುತ್ತೆ.

ಕೊನೇದಾಗಿ, ಈ ಪತ್ರ ಬರಿಯಕ್ಕೆ ಇನ್ನೊಂದು ಕಾರಣನೂ ಇದೆ. ನಿಮ್ಮ ಲೇಖನ ಬಂದ ವಾರನೇ ನಮ್ಮೂರಿನ ಒಬ್ಬ ಹುಡುಗ ಫೋನ್ ಮಾಡಿದ್ದ. ಯಾರೋ ಏಜೆಂಟು ಉತ್ತರದ ಸಣ್ಣ ಊರಿಗೆ ಹೋದ್ರೆ ಪಿಆರ್, ಅಂದ್ರೆ ಕೆನಡಾದಲ್ಲಿ ಕಾಯಂ ಇರೋ ಅನುಮತಿ, ಬೇಗ ಸಿಗುತ್ತೆ ಅಂತ ಹೇಳಿ, ನಿಮ್ಮ ಪೇಪರಲ್ಲಿ ಬಂದ ಫೋಟೋನೇ ತೋರಿಸಿ ಲಕ್ಷಗಟ್ಟಲೆ ಕೇಳ್ತಿದಾನಂತೆ. ಬರಬೇಡಿ ಅಂತ ನಾನು ಹೇಳಲ್ಲ, ನಾನೇ ಬಂದು ಕೂತವನು, ಸಂಬಳ ಚೆನ್ನಾಗಿದೆ, ಉತ್ತರದಲ್ಲಿರೋರಿಗೆ ಟ್ಯಾಕ್ಸಲ್ಲೂ ಒಂದಿಷ್ಟು ವಿನಾಯ್ತಿ ಇದೆ. ಆದ್ರೆ ಎರಡು ರೂಮಿನ ಮನೆಗೆ ಬಾಡಿಗೆನೇ ತಿಂಗಳಿಗೆ ಎರಡು ಸಾವಿರ ಡಾಲರ್ ಮೇಲೆ, ಕರಿಬೇವು ಸಿಕ್ಕಿದ ದಿನ ಹಬ್ಬ, ದೊಡ್ಡ ಕಾಯಿಲೆ ಅಂದ್ರೆ ವಿಮಾನದಲ್ಲಿ ಎಡ್ಮಂಟನ್. 2025ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಎಲ್ಲಾ ಪ್ರಾಂತ್ಯಗಳ ನಾಮಿನೀ ಸೀಟು, ಅಂದ್ರೆ ಪಿಆರ್‌ಗೆ ಪ್ರಾಂತ್ಯದೋರು ಹೆಸರು ಸೂಚಿಸೋ ಲೆಕ್ಕ, ಅರ್ಧಕ್ಕೆ ಕಡಿಮೆ ಮಾಡಿತ್ತು, ಏಜೆಂಟು ಅದನ್ನ ಹೇಳಿರಲ್ಲ. ಸರ್ಕಾರ ಬಿಟ್ರೆ ವಜ್ರದ ಗಣಿಗಳೇ ಇಲ್ಲಿ ದೊಡ್ಡ ಕೆಲಸ ಕೊಡೋದು, ಅದ್ರಲ್ಲಿ 2003ರಲ್ಲಿ ಶುರುವಾದ ಡಯಾವಿಕ್ ಅನ್ನೋ ಗಣಿ 2026ಕ್ಕೆ ಉತ್ಪಾದನೆ ನಿಲ್ಲಿಸುತ್ತೆ ಅಂತ ಕಂಪನಿಯೋರೇ ಹೇಳಿದ್ರು. ಗಣಿಗೆ ಹೋಗೋ ಲಾರಿಗಳೇ ನಮ್ಮ ಗ್ಯಾರೇಜಿನ ಅರ್ಧ ಅನ್ನ. ಬಹುಪಾಲು ಹೆಪ್ಪುಗಟ್ಟಿದ ಕೆರೆಗಳ ಮೇಲೇ ಸುಮಾರು 400 ಕಿಲೋಮೀಟರ್ ರಸ್ತೆ ಮಾಡಿ ಫೆಬ್ರವರಿ ಮಾರ್ಚಲ್ಲಿ ವರ್ಷಕ್ಕಾಗೋ ಡೀಸೆಲ್ಲು ಸಿಮೆಂಟು ಎಲ್ಲಾ ಸಾಗಿಸ್ತಾರೆ, ತುಂಬಿದ ಲಾರಿ ಗಂಟೆಗೆ 25 ಕಿಲೋಮೀಟರ್ ದಾಟಂಗಿಲ್ಲ, ಜೋರಾಗಿ ಹೋದ್ರೆ ಐಸ್ ಕೆಳಗಿನ ನೀರು ಅಲೆ ಎದ್ದು ಐಸ್ ಒಡೆಯುತ್ತೆ. ಆ ಲಾರಿ ಕಮ್ಮಿ ಆದ್ರೆ ನಾವೇ ಇಲ್ಲಿರ್ತೀವಾ ಅಂತ ರಾತ್ರಿ ಗಂಡ ಹೆಂಡ್ತಿ ಮಾತಾಡ್ಕೋತೀವಿ. ಆ ಹುಡುಗನಿಗೆ ಇಷ್ಟೂ ಹೇಳ್ದೆ. ಅಣ್ಣ ನೀವು ಹೆದರಿಸ್ತಿದೀರಾ ಅಂದ. ಜಾಗ ಕಮ್ಮಿ ಇದ್ರೆ ನನ್ನ ಪತ್ರದಲ್ಲಿ ಬೇರೆ ಏನಾದ್ರೂ ಕತ್ತರಿಸಿ, ಈ ಪ್ಯಾರಾ ಉಳಿಸಿ.

ಹಂಗೇ ನಿಮ್ಮ ಸಾಗರದ ವರದಿಗಾರರಿಗೆ ಒಂದು ಕೋರಿಕೆ. ಸೇತುವೆ ಓಪನ್ ಆದ ದಿನ ಎಲ್ಲಾ ಪೇಪರ್‌ನೋರೂ ಬಂದಿದ್ರು, ಡ್ರೋನ್ ಫೋಟೋ ಹಾಕಿದ್ರು. ಅಷ್ಟು ವರ್ಷ ಲಾಂಚಲ್ಲಿ ಹಗ್ಗ ಎಸೀತಿದ್ದೋರು, ಟಿಕೆಟ್ ಹರೀತಿದ್ದೋರು, ದಡದಲ್ಲಿ ಮಂಡಕ್ಕಿ ಕಾಫಿ ಮಾರ್ತಿದ್ದೋರು ಈಗ ಏನು ಮಾಡ್ತಿದಾರೆ? ಅಪ್ಪಯ್ಯನ್ನ ಕೇಳಿದ್ರೆ ಸೇತುವೆ ಮೇಲೆ ಹೋಗ್ತೀವಿ, ಕೆಳಗೆ ಯಾರು ನೋಡ್ತಾರೆ ಅಂದ್ರು. ಒಂದ್ಸಲ ಇಳಿದು ಹೋಗಿ ನೋಡಿ ಬರೀರಿ, ಅಕ್ಕ ಫೋಟೋ ಹೊಡ್ದು ಕಳಿಸ್ತಾಳೆ.

ಇಂತಿ,
ತುಮರಿ ಕಡೆಯ ಒಬ್ಬ ಓದುಗ
ಸದ್ಯ ಯೆಲ್ಲೋನೈಫ್, ಕೆನಡಾ